ಅವ್ವ ರಾತ್ರಿ ತಿರುಗ್ತಾಳ

ಹಡಗಲಿಯ ಗವಿಸಿದ್ದೇಶನ ಮನೆಯಲ್ಲಿ ಫ್ಯಾನು ಎಷ್ಟು ನಂಬರಿನಲ್ಲಿ ತಿರುಗಬೇಕೆಂಬುದು ನಾಲ್ಕು ಮಂದಿ ಹಿರಿಯರನ್ನು ಕೂರಿಸಿ ತೀರ್ಮಾನಿಸಬೇಕಾದಷ್ಟು ಗಂಭೀರ ವಿಷಯವಾಗಿತ್ತು. ತಿಂಗಳು ಜನವರಿ. ಹೆಂಡತಿ ಗಂಗಾಂಬಿಕಾ ಐದಕ್ಕಿಡುತ್ತಿದ್ದಳು. ಮಂಗನ ಟೋಪಿ ಹಾಕಿಕೊಂಡು ಮಲಗಿದ ಗವಿಸಿದ್ದೇಶ ಒಂದಕ್ಕಿಳಿಸುತ್ತಿದ್ದ. "ನಾ ಏನು ಮೆಣಸಿನಕಾಯಿ ಚೀಲ ಏನಲೇ, ಕೋಲ್ಡ್ ಸ್ಟೋರೇಜ್‌ನ್ಯಾಗ ಇಡಾಕ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೊರಕೆ ಹೊಡೆಯುತ್ತಿದ್ದ.

ಅವಳ ಗರ್ಭಕೋಶದಲ್ಲಿ ಗಡ್ಡೆ. ತೆಗೆಯುವ ಮುಂಚೆ ಅದು ಸಣ್ಣದಾಗಲೆಂದು ಹೊಸಪೇಟೆಯ ಡಾಕ್ಟರಮ್ಮ ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಕೊಟ್ಟಿದ್ದರು. ವರ್ಷದಿಂದ ಹೋಗುತ್ತಿದ್ದ ರಕ್ತ ನಿಂತಿತು. ಅದರ ಜೊತೆಗೆ ನಿದ್ದೆಯೂ ನಿಂತಿತು. ಗುರುವಾರ ಆಪರೇಷನ್. ಬಿ.ಪಿ. ಇಳಿಯದಿದ್ದರೆ ಮುಟ್ಟುವುದಿಲ್ಲ, ಬಹಳ ತಡವಾದರೆ ಇಂಜೆಕ್ಷನ್ನಿನ ಬಲ ಮುಗಿದು ಮತ್ತೆ ರಕ್ತ ಶುರುವಾಗುತ್ತದೆ ಎಂದೂ ಹೇಳಿದ್ದರು.

ಎರಡು ಗಂಟೆಗೆ ಬೆನ್ನಿನಿಂದ ಉರಿ ಎದ್ದು ಕುತ್ತಿಗೆಗೇರುತ್ತಿತ್ತು. ಕಾಲುಂಗುರ ಸದ್ದಾಗದಂತೆ ಕತ್ತಲ ಪಡಸಾಲೆಗೆ ಬಂದರೆ ಅಲ್ಲಿ ಅವ್ವ ಇರುತ್ತಿದ್ದಳು. ಸತ್ತು ಮೂವತ್ತು ವರ್ಷವಾಗಿದ್ದ ಅವ್ವ ಹೊಸ್ತಿಲ ಬಳಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಮಗಳು ಬಂದರೆ ಸರಿದು ಜಾಗ ಬಿಡುತ್ತಿದ್ದಳು, ಅಷ್ಟೆ.

ತವರೂರು ಹಿರೇಹಡಗಲಿಯಲ್ಲಿ ಅವ್ವನೂ ನಲವತ್ತಾರನೇ ವಯಸ್ಸಿಗೆ ಹೀಗೇ ಎದ್ದು ಅಂಗಳ ಸುತ್ತುತ್ತಿದ್ದಳು. "ಅವ್ವ ರಾತ್ರಿ ತಿರುಗ್ತಾಳ" ಎಂದು ಅಜ್ಜಿಗೆ ಹೇಳಿದವಳು ಒಂಬತ್ತು ವರ್ಷದ ಗಂಗಾಂಬಿಕಾ. ದೊಡ್ಡ ಸುದ್ದಿ ತಂದ ಹೆಮ್ಮೆಯೂ ಇತ್ತು. ಬೆಳಕು ಹರಿಯುವ ಮುಂಚೆ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುವ ಹೆಂಗಸು, ತೋಟದಲ್ಲಿ ಗಾಳಿ ಹಿಡಿದಿದೆ ಎಂದು ತೀರ್ಮಾನವಾಯಿತು. ಗಾಳಿ ಬಿಡಿಸುವವನು ಬಂದು ಕಸಬರಿಗೆಯಲ್ಲಿ ಹೊಡೆದ. ಹೂವಿನ ವಾಸನೆಗೆ ಅದು ಮತ್ತೆ ಬಂದೀತೆಂದು ಅವಳು ಹೂ ಮುಡಿಯುವುದನ್ನೇ ಬಿಡಿಸಿದರು. ಮೊಗ್ಗು ಬಿಡಿಸುವ ಕೆಲಸ ಮಾತ್ರ ಬಿಡಿಸಲಿಲ್ಲ. ಆಮೇಲೆ ಅವ್ವ ರಾತ್ರಿ ಏಳಲಿಲ್ಲ. ಕಣ್ಣು ತೆರೆದು ಮಲಗಿಯೇ ಬೆಳಗು ಮಾಡುತ್ತಿದ್ದಳೆಂಬುದು ಪಕ್ಕದಲ್ಲಿ ಮಲಗುತ್ತಿದ್ದ ಗಂಗಾಂಬಿಕಾಗೆ ಮಾತ್ರ ಗೊತ್ತಿತ್ತು.

ಹಾಗಾಗಿ ಈಗ ಅವಳು ಯಾರಿಗೂ ಹೇಳಲಿಲ್ಲ. ಹೋದ ವಾರವಷ್ಟೇ ಎದುರುಮನೆಯ ಸೊಸೆಗೆ ನಿಂಬೆಹಣ್ಣು ಇಳಿಸಿ ಬಂದಿದ್ದ ಅತ್ತೆ ಅನ್ನದಾನಮ್ಮ, ಕಣ್ಣು ಯಾಕೆ ಕೆಂಪಗಾಗಿವೆ ಎಂದು ಕೇಳಿದರೆ, ಉಳ್ಳಾಗಡ್ಡಿ ಹೆಚ್ಚಿದ್ದಕ್ಕೆ ಎಂದಳು ಗಂಗಾಂಬಿಕಾ.

ಮಂಗಳವಾರ ಡಾಕ್ಟರಮ್ಮ ಎರಡು ಸಲ ಬಿ.ಪಿ. ನೋಡಿ, ನಿದ್ದೆ ಬರುತ್ತಾ ಎಂದು ಕೇಳಿದರು.

"ಚಲೋ ಬರತೈತ್ರಿ."

ಜೊತೆಗೆ ಬಂದಿದ್ದ ಮಗಳು ಕೀರ್ತನಾ ಫಾರ್ಮಸಿ ಕೋರ್ಸು ಓದುತ್ತಿದ್ದಳು. "ಸುಳ್ಳು ಮೇಡಂ," ಎಂದಳು. "ಅವ್ವ ರಾತ್ರಿ ತಿರುಗ್ತಾಳ."

ಮಗಳ ಬಾಯಿ ಮುಚ್ಚಲು ಎತ್ತಿದ ಕೈ ಹಾಗೇ ನಿಂತಿತು. ಡಾಕ್ಟರಮ್ಮ ಸುಮ್ಮನೆ ಬರೆದುಕೊಂಡರು. ಇಂಜೆಕ್ಷನ್ ಹಾರ್ಮೋನನ್ನು ತಡೆಯುತ್ತದೆ, ಉರಿಯೂ ನಿದ್ದೆಗೇಡೂ ಅದರಿಂದಲೇ, ನಿದ್ದೆಯಿಲ್ಲದೆ ಬಿ.ಪಿ.ಯೂ ಇಳಿದಿಲ್ಲ, ಮೊದಲೇ ಹೇಳಿದ್ದರೆ ಗುಳಿಗೆ ಕೊಡುತ್ತಿದ್ದೆ ಎಂದು ಬೈದರು.

"ಇಂಜೆಕ್ಷನ್ ಇಲ್ದನೂ ಹಿಂಗ ಆಗತೈತೇನ್ರಿ?"

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎಷ್ಟೋ ಮಂದಿಗೆ ಆಗುತ್ತದೆ ಎಂದರು. "ಯಾಕೆ, ನಿಮ್ಮ ಮನೇಲಿ ಯಾರಿಗಾದ್ರೂ ಆಗಿತ್ತಾ?"

"ನಮ್ಮವ್ವಗ."

"ಏನು ಔಷಧಿ ಮಾಡಿದ್ರು?"



"ನಾ ಅಜ್ಜಿಗೆ ಹೇಳಿದ್ನ್ರಿ."

ಆಪರೇಷನ್ ಒಂದು ವಾರ ಮುಂದಕ್ಕೆ ಹೋಯಿತು. ಗುಳಿಗೆ ನುಂಗಿ ಅವಳು ಮೂರು ರಾತ್ರಿ ನಿದ್ದೆ ಮಾಡಿದಳು. ಉಳಿದ ರಾತ್ರಿಗಳಲ್ಲಿ ಪಡಸಾಲೆಯ ಲೈಟು ಹಾಕಿಕೊಂಡೇ ತಿರುಗಾಡಿದಳು. ಬಿ.ಪಿ. ಇಳಿಯಿತು. ಮುಂದಿನ ಗುರುವಾರ ಆಪರೇಷನ್ ಆಯಿತು.