ಮನೆಯವನ ಪಂಚೆ

ಮದ್ದೂರಿನ ತಿಮ್ಮಯ್ಯನವರ ಬಸ್ಸಿಗೆ ಮರಿಸಿದ್ದಯ್ಯ ಡ್ರೈವರ್. ಹೆಸರಿಗೆ ಡ್ರೈವರ್ ಅಷ್ಟೆ. ಅವನು ಮಾಡದೆ ಬಿಟ್ಟ ಕೆಲಸ ಯಾವುದೆಂದು ಕೇಳಿದರೆ ನಾನೂ ತಲೆ ಕೆರೆದುಕೊಳ್ಳಬೇಕು.

ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಬಸ್ಸಿನ ಹಿಂಬದಿಗೆ ಆಳೆತ್ತರದ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದಲೇ ಮಳವಳ್ಳಿಗೆ ಹೋಗಿ ಬರಬೇಕು. ಇದ್ದಿಲನ್ನು ಮೊದಲು ಜರಡಿ ಹಿಡಿಯಬೇಕು, ಪುಡಿ ಉಳಿದರೆ ಕೊಳವೆ ಕಟ್ಟಿಕೊಂಡು ಗಾಡಿ ದಾರಿಯಲ್ಲೇ ಮಲಗುತ್ತದೆ. ಆಮೇಲೆ ರಟ್ಟೆ ಸೋಲುವವರೆಗೆ ಗಾಳಿಯಂತ್ರ ತಿರುಗಿಸಬೇಕು. ಇದೆಲ್ಲ ಕ್ಲೀನರನ ಕೆಲಸ. ಇದ್ದ ಕ್ಲೀನರ್ ಪಟಾಲಮ್ಮಿಗೆ ಸೇರಿಕೊಂಡು ಹೋದ ಮೇಲೆ ತಿಮ್ಮಯ್ಯನವರು ಇನ್ನೊಬ್ಬನನ್ನು ಹುಡುಕಲೇ ಇಲ್ಲ. ಯಾಕೆ ಹುಡುಕಬೇಕು, ಮರಿಸಿದ್ದಯ್ಯ ಇದ್ದನಲ್ಲ. ಅವನೇ ಜರಡಿ ಹಿಡಿದ, ಅವನೇ ಟೈರಿಗೆ ತೇಪೆ ಹಾಕಿದ, ಸಂಜೆ ಬಸ್ಸು ನಿಲ್ಲಿಸಿ ಧಣಿಯ ಮನೆಗೆ ಸೌದೆಯನ್ನೂ ಒಡೆದುಕೊಟ್ಟ.

"ಮರಿಸಿದ್ದ ನಮ್ಮನೆಯೋನು ಕಣಯ್ಯ" ಎಂದು ತಿಮ್ಮಯ್ಯನವರು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಇವನ ಎದೆ ಉಬ್ಬುತ್ತಿತ್ತು. ಉಬ್ಬಲಿ, ತಪ್ಪೇನಿಲ್ಲ. ಆದರೆ ಎದೆ ಉಬ್ಬಿತೆಂದು ಯಾರೂ ರಾಗಿ ಅಳೆದುಕೊಡುವುದಿಲ್ಲ.

ಅವನ ಹೆಂಡತಿ ಸೋಮಮ್ಮ ನಾಲೆ ಬಯಲಿನಲ್ಲಿ ಕಬ್ಬಿನ ಹೊರೆ ಹೊರುತ್ತಿದ್ದಳು. ಹಿಂದೆ ಎರಡು ಸಲ ಬಸುರಾಗಿ ಎರಡೂ ಸಲ ನಿಂತಿರಲಿಲ್ಲ. ಈಗ ಮತ್ತೆ ಬಸುರಿ. ಹೊರೆ ಹೊತ್ತರೆ ಇದೂ ಉಳಿಯುವುದಿಲ್ಲವೆಂದು ಮಂಡ್ಯದ ಆಸ್ಪತ್ರೆಯ ನರ್ಸಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದಳು.

"ನಾನು ಮನೇಲಿ ಕುಂತ್ರೆ ಉಣ್ಣದೇನು?" ಎಂದಳು ಸೋಮಮ್ಮ.

"ಆಯುಧಪೂಜೆಗೆ ಸಂಬಳ ಜಾಸ್ತಿ ಮಾಡ್ತಾರೆ ಕಣಮ್ಮಿ. ಇಷ್ಟು ಗೇದಿವ್ನಿ, ಅವ್ರಿಗೆ ಕಣ್ಣಿಲ್ವಾ?"

"ಕಣ್ಣವೆ. ಅದುಕ್ಕೇ ದಿನಾ ಇನ್ನೊಂದು ಕೆಲಸ ತೋರುಸ್ತಾವ್ರೆ." ಹಿಂದಿನ ವರ್ಷದ ಆಯುಧಪೂಜೆಗೆ ಧಣಿ ಅವನಿಗೆ ಕೊಟ್ಟ ಜರಿಯಂಚಿನ ಪಂಚೆ ಹರಿದಿತ್ತು. ಅದನ್ನೇ ಸುತ್ತಿ ಮಾಡಿದ ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು ಅವಳು ಗದ್ದೆಗೆ ಹೊರಟಳು.

ಮರಿಸಿದ್ದಯ್ಯ ಧಣಿಯನ್ನು ಕೇಳಲಿಲ್ಲ. ಕೇಳದೆ ಕೊಟ್ಟರೇ ಮರ್ಯಾದೆ ಎಂದುಕೊಂಡು ಇನ್ನಷ್ಟು ಗೇದ, ಪೆದ್ದ.

ದಸರೆ ಹತ್ತಿರ ಬಂದಾಗ ತಿಮ್ಮಯ್ಯನವರು ಕಿರುಗಾವಲಿನ ಕಡೆಗೆ ಇನ್ನೊಂದು ಬಸ್ಸು ಹಾಕಿದರು. ಅದಕ್ಕೆ ಮೈಸೂರಿನಿಂದ ವಾಜಿದ್ ಎಂಬ ಡ್ರೈವರ್ ಬಂದ. ಆ ಬಸ್ಸಿನ ಇದ್ದಿಲೂ ಮರಿಸಿದ್ದಯ್ಯನ ತಲೆಗೇ ಬಿತ್ತು. ಒಂದು ಬೆಳಿಗ್ಗೆ ವಾಜಿದ್ ಇವನ ಕರಿ ಹಿಡಿದ ಮುಖ ನೋಡಿ, "ಇದಕ್ಕೆ ಬೇರೆ ಏನು ಕೊಡ್ತಾರೆ ಭಾಯಿ?" ಎಂದ.

"ಬೇರೆ ಏನು? ಮನೆಯೋನಲ್ವಾ ನಾನು."

ವಾಜಿದ್ ನಗಲಿಲ್ಲ. ತನ್ನ ಸಂಬಳ ಎಷ್ಟೆಂದು ಹೇಳಿದ. ಅದು ಮರಿಸಿದ್ದಯ್ಯನದಕ್ಕಿಂತ ಅರ್ಧದಷ್ಟು ಹೆಚ್ಚಿತ್ತು. ಮರಿಸಿದ್ದಯ್ಯನಿಗೆ ಸಿಟ್ಟು ಬಂದದ್ದು ವಾಜಿದ್ ಮೇಲಲ್ಲ, ತನ್ನ ಮೇಲೆಯೇ.

ಅವತ್ತೇ ಧಣಿಯ ಜಗಲಿ ಹತ್ತಿ ಬಾಯಿಬಿಟ್ಟು ಕೇಳಿದ. ತಿಮ್ಮಯ್ಯನವರು ಎಲೆಗೆ ಸುಣ್ಣ ಸವರುತ್ತ, "ಅವನು ಹೊರಗಿನೋನು ಕಣ್ಲಾ. ಹೊರಗಿನೋರಿಗೆ ಕೇಳಿದಷ್ಟು ಕೊಡ್ಬೇಕು, ಇಲ್ದಿದ್ರೆ ಬರಾಕಿಲ್ಲ. ನೀನೆಲ್ಲಿ ಓಯ್ತೀಯ?" ಎಂದರು.

"ಸೋಮಮ್ಮ ಬಸ್ರಿ ಸಾಮಿ. ಹೊರೆ ಹೊರಬಾರದಂತೆ."

"ಒಳ್ಳೇದಾಯ್ತು. ಈ ಸಲ ನಿನ್ನ ಪಂಚೆ ಜೊತೆಗೆ ಅವಳಿಗೊಂದು ಸೀರೆ ಕೊಡುಸ್ತೀನಿ, ಓಗು."

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆ ಮುಗಿದು ಬೂದುಗುಂಬಳ ಒಡೆದ ಮೇಲೆ, ಮನೆಯವರೆನಿಸಿಕೊಂಡವರು ಬಲಗಡೆ ನಿಂತು ಧಣಿಯ ಕೈಯಿಂದ ಜರಿಯಂಚಿನ ಪಂಚೆ ತಗೊಳ್ಳಬೇಕು. ಸಂಬಳಕ್ಕೆ ಬಂದವರು ಎಡಗಡೆ ನಿಂತು ಎಲೆ ಅಡಿಕೆ ತಗೊಂಡು ಹೋಗಬೇಕು. ಆ ವರ್ಷ ತಟ್ಟೆಯಲ್ಲಿ ಪಂಚೆಯ ಮೇಲೆ ಕೆಂಪು ಸೀರೆಯೂ ಇತ್ತು. ಮರಿಸಿದ್ದಯ್ಯ ಅದನ್ನು ನೋಡಿದ, ಎಡಗಡೆಗೆ ಹೋಗಿ ವಾಜಿದ್ ಪಕ್ಕದಲ್ಲಿ ನಿಂತ.

"ಈ ಕಡೆ ಬಾರ್ಲಾ," ಎಂದರು ತಿಮ್ಮಯ್ಯನವರು.

"ಇಲ್ಲೇ ಇರ್ತೀನಿ ಸಾಮಿ. ನಾನೂ ಸಂಬಳಕ್ಕೆ ಬಂದೋನು."

ಊರವರೆಲ್ಲ ನೋಡುತ್ತಿದ್ದರು. ತಿಮ್ಮಯ್ಯನವರ ಮುಖ ಕಪ್ಪಿಟ್ಟಿತು, ಅವನ ಕೈಗೆ ಎಲೆ ಅಡಿಕೆ ಎಸೆದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಜನ ಬಸ್ಸಿನ ತುಂಬ ಕೂತಿದ್ದರು. ಮರಿಸಿದ್ದಯ್ಯ ಸ್ನಾನ ಮಾಡಿ, ತಲೆ ಬಾಚಿಕೊಂಡು, ಸ್ಟೇರಿಂಗ್ ಚಕ್ರ ಹಿಡಿದು ಕೂತಿದ್ದ. ಡ್ರಮ್ಮು ತಣ್ಣಗಿತ್ತು.

"ಯಾಕ್ಲಾ ಹೊರಟಿಲ್ಲ?" ತಿಮ್ಮಯ್ಯನವರು ಓಡಿಬಂದರು.

"ಗ್ಯಾಸು ಬಂದಿಲ್ಲ ಸಾಮಿ. ಬಂದ್ರೆ ಓಡುಸ್ತೀನಿ, ಅದು ನನ್ನ ಕೆಲಸ."

ಅವರು ವಾಜಿದ್ ಕಡೆ ತಿರುಗಿದರು. "ಇದ್ದಿಲ ಮಾತು ನಾವು ಆಡಿರಲಿಲ್ಲ ಧಣೀರೆ," ಎಂದ ವಾಜಿದ್, ವಿನಯವಾಗಿಯೇ.

ಮಳವಳ್ಳಿ ಕೋರ್ಟಿಗೆ ಹೋಗಬೇಕಾದವರೊಬ್ಬರು ಟಿಕೆಟ್ಟಿನ ದುಡ್ಡು ವಾಪಸು ಕೇಳಿದರು. ಅವರ ಹಿಂದೆ ಉಳಿದವರೂ ಎದ್ದರು. ತಿಮ್ಮಯ್ಯನವರು ಬೇರೆ ದಾರಿ ಕಾಣದೆ ಕಚ್ಚೆ ಬಿಗಿದು ತಾವೇ ಜರಡಿ ಹಿಡಿದರು, ತಾವೇ ಯಂತ್ರ ತಿರುಗಿಸಿದರು. ಮೀಸೆಯವರೆಗೆ ಕರಿಯಾದರು. ಬಸ್ಸು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಏದುಸಿರು ಬಿಡುತ್ತ ಡ್ರೈವರನ ಪಕ್ಕಕ್ಕೆ ಬಂದು ನಿಂತರು.

"ಏನ್ಲಾ ಬೇಕು ನಿಂಗೆ?"

"ವಾಜಿದ್‌ಗೆ ಕೊಟ್ಟಷ್ಟು ಸಂಬಳ. ಇದ್ದಿಲಿಗೆ ಬೇರೆ ಆಳು."

"ಕೊಡ್ತೀನಿ. ಆದ್ರೆ ಇವತ್ತಿಂದ ನೀನು ನಮ್ಮನೆಯೋನಲ್ಲ, ತಿಳ್ಕೊ."

ಆ ಒಂದು ಮಾತಿಗಾಗಿ ಮರಿಸಿದ್ದಯ್ಯ ಎಷ್ಟು ಬೆಳಗು ಮಸಿ ಕುಡಿದಿದ್ದ, ಸಂಕಟವಾಗದೆ ಇರುತ್ತದೆಯೇ. ಆದರೆ ಹೊರೆ ಹೊತ್ತು ಬಗ್ಗಿದ ಸೋಮಮ್ಮನ ಕತ್ತು ಕಣ್ಣಿಗೆ ಕಟ್ಟಿತು.

"ಮನೆಯೋನಲ್ಲ ಬುಡಿ ಸಾಮಿ," ಎಂದ. ಕೆಳಗಿಳಿದು ಅವರ ಕೈಯಿಂದ ಜರಡಿ ತಗೊಂಡ. "ಇವತ್ತೊಂದಿನ ನಾನೇ ಮಾಡ್ತೀನಿ. ಇವತ್ತಿನ ಕೂಲಿ ಬೇರೆ."

ಸಂಜೆ ಮನೆಗೆ ಬಂದವನೇ ಗೂಟದಲ್ಲಿ ನೇತುಹಾಕಿದ್ದ ಸಿಂಬೆ ತೆಗೆದು ಒಲೆಗೆ ಹಾಕಿದ.

"ಅಯ್ಯೋ, ನಾಳೆ ಏನಿಟ್ಕಂಡು ಹೊರೆ ಹೊರ್ಲಿ?" ಎಂದಳು ಸೋಮಮ್ಮ.

"ನಾಳೆ ಹೊರೆ ಇಲ್ಲ ಕಣಮ್ಮಿ. ಸಂಬಳ ಜಾಸ್ತಿ ಬತ್ತದೆ."

ಬಟ್ಟೆ ಬೇಗ ಉರಿಯಿತು, ಜರಿಯಂಚು ಮಾತ್ರ ಸ್ವಲ್ಪ ಹೊತ್ತು ಕೆಂಪಗೆ ಉಳಿಯಿತು. ಸೋಮಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡಿದಳು. ಆಮೇಲೆ ಅದೇ ಉರಿಗೆ ಮುದ್ದೆಯ ಎಸರಿಟ್ಟಳು.