ಮುನಿಯಾಳ ಅಪ್ಪನ ಹೆಸರು

ಮೂವತ್ತೇಳರ ಚುನಾವಣೆಗೆ ಮುಂಚೆ ಬ್ರಿಟಿಷರ ಹೊಸ ಕಾಯ್ದೆ ಬಂದು, ಬಿಹಾರದ ನಮ್ಮ ಕಡೆ ವೋಟಿದ್ದ ರೈತನ ಹೆಂಡತಿಗೂ ವೋಟು ಸಿಕ್ಕಿತು. ಅರ್ಜಿ ಹಾಕಬೇಕಿತ್ತು, ಅಷ್ಟೆ. ಜಗರೂಪ್ ಮಹತೋ ತನ್ನ ಹೆಂಡತಿ ರಾಮಸಖಿಯ ಅರ್ಜಿಯನ್ನು ಜಮೀನ್ದಾರರ ಗುಮಾಸ್ತನಿಂದಲೇ ಬರೆಸಿದ. ಜಮೀನ್ದಾರರು ತಾವೇ ಚುನಾವಣೆಗೆ ನಿಂತಿದ್ದರು.

“ಸರ್ಕಾರಕ್ಕೆ ನನ್ಮೇಲೆ ಯಾಕಿಷ್ಟು ಪ್ರೀತಿ?” ರಾಮಸಖಿ ಹುರಿಗಡಲೆ ಹಿಟ್ಟು ಕಲಸುತ್ತ ಕೇಳಿದಳು.

“ನಿನ್ಮೇಲಲ್ಲ ಕಣೆ. ಹೆಂಡ್ತಿ ಗಂಡ ಹೇಳ್ದಂಗೆ ಹಾಕ್ತಾಳೆ, ಜಮೀನ್ದಾರರ ಕಡೆಯೋರಿಗೆ ಒಂದ್ರ ಬದ್ಲು ಎರಡು ವೋಟಾಯ್ತು ಅಂತ ದೊರೆಗಳ ಲೆಕ್ಕ.”

“ದೊರೆಗಳಿಗೆ ಮದ್ವೆ ಆಗಿಲ್ವಾ?”

ಜಗರೂಪ್ ನಕ್ಕ. “ವೋಟಿನ ಪೆಟ್ಟಿಗೇಲಿ ಕೆಂಪು ಜಮೀನ್ದಾರರದ್ದು, ಮರೀಬೇಡ. ಹಳದಿ ಕಾಂಗ್ರೆಸ್ನೋರದ್ದು.”

“ನಮ್ಮಪ್ಪ ಅವ್ರ ಹೊಲ ಪುಕ್ಕಟೆ ಉತ್ತು ಮುಗಿಸೋ ಹೊತ್ಗೆ ನಮ್ಮ ಹೊಲದ ಹದ ಆರಿರ್ತಿತ್ತು. ನಾನು ಹಳದಿಗೇ ಹಾಕೋದು, ಮುನಿಯಾ ಅಪ್ಪ. ಈಗ್ಲೇ ಹೇಳಿರ್ತೀನಿ.”

ಮಗಳ ಹೆಸರು ಹಿಡಿದೇ ಅವಳು ಗಂಡನನ್ನು ಕರೆಯುತ್ತಿದ್ದುದು. ಜಗರೂಪ್ ಎರಡು ವೋಟು ಕೊಡಿಸುವೆನೆಂದು ಗುಮಾಸ್ತನಿಗೆ ಆಗಲೇ ಮಾತು ಕೊಟ್ಟಿದ್ದ.

ಚುನಾವಣೆಯ ದಿನ ಶಾಲೆಯಲ್ಲಿ ಹೆಂಗಸರ ಕೋಣೆಗೆ ಗೋಣಿಯ ಪರದೆ ಕಟ್ಟಿದ್ದರು. ಜಗರೂಪ್, ಗುಮಾಸ್ತ ಇಬ್ಬರೂ ಹೊರಗೆ ನಿಂತರು. ಒಳಗೆ ಕನ್ನಡಕದ ಅಧಿಕಾರಿ ಕೇಳಿದ: “ಗಂಡನ ಹೆಸರು?”

ರಾಮಸಖಿ ಸೆರಗು ಎಳೆದುಕೊಂಡಳು. ಹೆಂಡತಿ ಹೆಸರು ಹಿಡಿದರೆ ಗಂಡನ ಆಯಸ್ಸು ತಗ್ಗುತ್ತದೆ. ಹದಿನೆಂಟು ವರ್ಷದಲ್ಲಿ ಅವಳು ಒಮ್ಮೆಯೂ ಹಿಡಿದಿರಲಿಲ್ಲ.

“ಮುನಿಯಾ ಅಪ್ಪ.”

“ಪಟ್ಟೀಲಿ ರಾಮಸಖಿಯರು ಮೂವರಿದಾರೆ ತಾಯಿ. ಮುನಿಯಾ ಅಪ್ಪ ಒಬ್ನೂ ಇಲ್ಲ.”

“ಎಡಗಿವಿ ಹರಿದಿದೆ. ಮೀನು ಅಂದ್ರೆ ಪ್ರಾಣ. ಗೊರಕೆ ಹೊಡೀತಾರೆ.”

“ಸರ್ಕಾರ ಗೊರಕೆ ಬರ್ಕೊಂಡಿಲ್ಲ. ಹೆಸರು ಹೇಳಿ, ಇಲ್ಲಾಂದ್ರೆ ಮನೆಗ್ಹೋಗಿ.”

“ಇಷ್ಟು ದೂರ ನಡ್ಕೊಂಡ್ ಬಂದಿದೀನಿ, ಸ್ವಾಮಿ,” ಎನ್ನುವಾಗ ಅವಳ ದನಿ ಸಣ್ಣಗಾಯಿತು.

ಪರದೆಯಾಚೆ ಎಲ್ಲ ಕೇಳಿಸುತ್ತಿತ್ತು. ಗುಮಾಸ್ತ ತಿವಿದ: “ಹೇಳೋ ಮಹತೋ, ಒಂದು ವೋಟು ಹಾಳಾಗುತ್ತೆ.”

ಸುಮ್ಮನಿದ್ದರೆ ಸಾಕಿತ್ತು. ಅವಳು ಮನೆಗೆ ಹೋಗುತ್ತಿದ್ದಳು, ಹಳದಿ ಪೆಟ್ಟಿಗೆಗೆ ಒಂದು ಚೀಟಿ ಕಮ್ಮಿಯಾಗುತ್ತಿತ್ತು, ತಪ್ಪು ಯಾರ ತಲೆಗೂ ಬರುತ್ತಿರಲಿಲ್ಲ. ಜಗರೂಪ್ ಕಾಲ್ಬೆರಳಿಂದ ಮಣ್ಣು ಕೆದಕಿದ. ಆಮೇಲೆ ಪರದೆಗೆ ಬಾಯಿಟ್ಟು ಗಟ್ಟಿಯಾಗಿ ಕೂಗಿದ:

“ಜಗರೂಪ್ ಮಹತೋ. ತಂದೆ ಬಿಸೇಸರ್ ಮಹತೋ. ಅವಳು ನನ್ನ ಹೆಂಡ್ತಿ. ಚೀಟಿ ಕೊಡಿ.”

“ಭೇಷ್!” ಎಂದು ಗುಮಾಸ್ತ ಬೆನ್ನು ತಟ್ಟಿದ.

ಮನೆಯ ದಾರಿಯಲ್ಲಿ ಅವಳು ಎಂದಿನಂತೆ ಎರಡು ಹೆಜ್ಜೆ ಹಿಂದಿದ್ದಳು. ಯಾವ ಪೆಟ್ಟಿಗೆ ಎಂದು ಅವನು ಕೇಳಲಿಲ್ಲ.

“ಗೊರಕೆ ಅಂದಿದ್ದು ಹೊರಗೆ ಕೇಳಿಸ್ತಾ?” ಎಂದಳು.

“ಜಮೀನ್ದಾರರ ಗುಮಾಸ್ತನಿಗೂ ಕೇಳಿಸ್ತು,” ಎಂದ ಜಗರೂಪ್, ಅವಳು ಜೊತೆಗೂಡಲೆಂದು ನಡಿಗೆ ನಿಧಾನ ಮಾಡಿದ.