ಡ್ರೈವರ್ ಕಡೆಯ ವೈಪರ್

ವೈಪರ್ ಕಿರುಚಿದಾಗಲೆಲ್ಲ ನರ್ಸಮ್ಮನಿಗೆ ಯಾರೋ ತನ್ನನ್ನೇ ಬೈದಂತಾಗುತ್ತಿತ್ತು. ಗಾಜಿನ ಮೇಲೆ ಏರುವಾಗ ಅದು ಸಾಧುವಿನಂತೆ ಸುಮ್ಮನೆ ಏರುತ್ತಿತ್ತು. ಇಳಿಯುವಾಗ ಮಾತ್ರ ಟರ್ರ್ ಟರ್ರ್ ಎಂದು ಕುಪ್ಪಳಿಸಿಕೊಂಡು ಬರುತ್ತಿತ್ತು. ಕುಪ್ಪಳಿಸಿದ ಕಡೆಯೆಲ್ಲ ನೀರು ಹಾಗೇ ಉಳಿದು, ಎದುರಿನ ರಸ್ತೆ ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು. ಅದೂ ಡ್ರೈವರ್ ಕಡೆಯದು ಮಾತ್ರ. ಪಕ್ಕದ ಸೀಟಿನ ಮುಂದಿನದು ತೆಪ್ಪಗೆ ತನ್ನ ಕೆಲಸ ಮಾಡಿಕೊಂಡಿತ್ತು.

ಕೆಟ್ಟದ್ದು ವೈಪರ್, ಬೈಸಿಕೊಂಡದ್ದು ನರ್ಸಮ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಮನೆ ಅದು.

"ಒಣ ಗಾಜಿನ ಮೇಲೆ ಹಾಕಿರ್ತೀಯ," ಎಂದರು ಯಜಮಾನರು. ಕಾಲೇಜಿನ ಲೈಬ್ರರಿಯಿಂದ ನಿವೃತ್ತರಾದ ಮೇಲೆ ಅವರ ಪ್ರೀತಿಯೆಲ್ಲ ಪುಸ್ತಕ ಬಿಟ್ಟು ಕಾರಿನ ಕಡೆಗೆ ತಿರುಗಿತ್ತು.

"ಇಲ್ಲಾ ರೀ, ಮಳೆ ಬಂದಾಗ ಮಾತ್ರ ಹಾಕೋದು."

"ಹಾಗಾದ್ರೆ ಕಳಪೆ ಬ್ಲೇಡು ತಂದಿರ್ತೀಯ."

ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯದನ್ನು ಅವಳು ತಂದಿದ್ದಳು. ಹಾಕಿದ ಹೊಸ ಬ್ಲೇಡು ನಾಲ್ಕು ದಿನ ಮರ್ಯಾದೆಯಿಂದಿದ್ದು, ಮತ್ತೆ ಹಳೇ ರಾಗ ತೆಗೆಯಿತು. ಸೋಪು ನೀರಿನಲ್ಲಿ ಗಾಜು ತೊಳೆದಳು. ರಬ್ಬರಿನ ಅಂಚಿಗೆ ಅಂಟಿದ ಕೊಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಊಹೂಂ, ಏನೂ ಪ್ರಯೋಜನವಾಗಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಯಜಮಾನರು ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಅವಳೂ ಬಿಡುತ್ತಿದ್ದಳು. ಅವರು ಹೋಗಿ ತಮ್ಮ ಅಕ್ಕನಿಗೆ ಹೇಳಿದರು.

ಈ ಅತ್ತಿಗೆ ಎರಡು ರಸ್ತೆ ಆಚೆ ಇದ್ದರೂ ಮನೆಯ ಹೈಕೋರ್ಟು ಅವರೇ. ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಿದವರಲ್ಲ. ತೀರ್ಪು ಕೊಡುವುದಕ್ಕೆ ಸ್ಟೀರಿಂಗ್ ಯಾಕೆ ಬೇಕು? "ಇವತ್ತು ವೈಪರ್ ಕೆಡಿಸಿದಳು, ನಾಳೆ ಗಾಡೀನೇ ಕೆಡಿಸ್ತಾಳೆ. ಕೀ ಕೊಡಬೇಡ ಕಣೋ ಅವಳ ಕೈಗೆ," ಎಂದರು. ಅಂದಿನಿಂದ ಕಾರಿನ ಕೀ ಗೋಡೆಯ ಮೊಳೆ ಬಿಟ್ಟು ಯಜಮಾನರ ಅಂಗಿಯ ಜೇಬು ಸೇರಿತು.

ನರ್ಸಮ್ಮನದು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಅದಕ್ಕೆಂದೇ ನಲವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತಿದ್ದಳು. ಈಗ ಯಜಮಾನರು ಪೇಪರ್ ಓದಿ ಮುಗಿಸಿ, ಶೂ ಒರೆಸಿಕೊಂಡು, ಕನ್ನಡಕ ಹುಡುಕಿ ಹೊರಡುವ ಹೊತ್ತಿಗೆ ಅಲ್ಲಿ ರೋಗಿಗಳು ನರಳುತ್ತಿರುತ್ತಿದ್ದರು. ಊರಾಚೆಯ ಮನೆಯ ಒಬ್ಬ ಮುದುಕಿ ಹುಣ್ಣಾದ ಕಾಲನ್ನು ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ನರ್ಸಮ್ಮ ಬರುವವರೆಗೂ ಪಟ್ಟಿ ಒದ್ದೆಯಾಗಿಯೇ ಇರುತ್ತಿತ್ತು. "ಹೀಗೇ ತಡ ಆಗ್ತಿದ್ರೆ ದೂರದ ಮನೆಗಳನ್ನ ಬೇರೆಯವರಿಗೆ ಕೊಡಬೇಕಾಗುತ್ತಮ್ಮ," ಎಂದು ಹಿರಿಯ ನರ್ಸ್ ಹೇಳಿದ್ದರು.

ಭಾನುವಾರ ಯಜಮಾನರು ಎಂದಿನಂತೆ, ಮಗುವಿಗೆ ಮೈ ತೊಳೆಸುವ ಹಾಗೆ ಕಾರು ತೊಳೆಯುತ್ತಿದ್ದರು. ನರ್ಸಮ್ಮ ಪಾತ್ರೆ ತಿಕ್ಕುತ್ತ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಅವರು ಕಾಲಡಿಯ ದಪ್ಪ ರಬ್ಬರ್ ಮ್ಯಾಟುಗಳನ್ನು ತೊಳೆದರು. ಡ್ರೈವರ್ ಕಡೆಯ ವೈಪರನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ಒಂದು ಮ್ಯಾಟು ನೇತುಹಾಕಿದರು. ಅದರ ಮೇಲೆ ಇನ್ನೊಂದು ಹಾಕಿದರು. ಜಾರದ ಹಾಗೆ ಹಿಡಿದು ಒಂದು ಸಲ ತಿರುವಿ ಸರಿಮಾಡಿದರು. ಪ್ರತಿ ಭಾನುವಾರ ಇದನ್ನು ನೋಡುತ್ತಲೇ ಇದ್ದಳಲ್ಲ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಏನ್ರೀ ಅದು?"

"ಮ್ಯಾಟು. ಒಣಗೋಕೆ ಹಾಕಿದೀನಿ."

"ಎಲ್ಲಿ ಹಾಕಿದೀರಾ?"

"ಕಣ್ಣು ಕಾಣಲ್ವಾ? ಆ ಕಡೆ ನೆರಳು, ಈ ಕಡೆ ಬಿಸಿಲು ಚೆನ್ನಾಗಿ ಬೀಳುತ್ತೆ," ಎಂದರು, ತಾವೇ ಬಿಸಿಲನ್ನು ಕಂಡುಹಿಡಿದವರಂತೆ.

ನರ್ಸಮ್ಮ ಮ್ಯಾಟುಗಳನ್ನು ಕಿತ್ತು ನೆಲಕ್ಕೆ ಎಸೆದಳು. ವೈಪರ್ ಇಳಿಸಿ, ಬಗ್ಗಿ, ಪಕ್ಕದಿಂದ ನೋಡಿದಳು. ಆಚೆಯದರ ರಬ್ಬರು ಗಾಜಿನ ಮೇಲೆ ನೆಟ್ಟಗೆ ನಿಂತಿತ್ತು. ಇದರದು ಒಂದು ಕಡೆಗೆ ವಾಲಿತ್ತು. ಭಾರ ಹೊತ್ತು ಹೊತ್ತು ಅದರ ಕಬ್ಬಿಣದ ತೋಳೇ ತಿರುಚಿಕೊಂಡಿತ್ತು. ವಾಲಿಸಿ ಹಿಡಿದ ಪೊರಕೆಯನ್ನು ಎಳೆದರೆ ಸಲೀಸು, ಮುಂದಕ್ಕೆ ನೂಕಿದರೆ ಕುಪ್ಪಳಿಸುತ್ತದೆ. ಇಲ್ಲೂ ಅದೇ ಕತೆ, ಏರುವಾಗ ಎಳೆತ, ಇಳಿಯುವಾಗ ನೂಕು.

ಡಿಕ್ಕಿಯಿಂದ ಸ್ಪ್ಯಾನರ್ ತಂದಳು. ತೋಳಿಗೆ ಬಟ್ಟೆ ಸುತ್ತಿ, ಸ್ಪ್ಯಾನರಿನ ಬಾಯಲ್ಲಿ ಕಚ್ಚಿಸಿ, ಮೆಲ್ಲಗೆ ತಿರುವಿದಳು.

"ಮುರೀತೀಯ ಕಣೇ! ಬಿಡು! ಬಿಡು ಅಂದ್ರೆ!"

ಅವಳು ಬಿಡಲಿಲ್ಲ. ಕೀ ಇಸಿದುಕೊಂಡು, ಗಾಜಿಗೆ ನೀರೆರಚಿ ವೈಪರ್ ಹಾಕಿ ನೋಡಿದಳು. ಈಗ ಏರುವಾಗ ಕಿರುಚಿತು, ತಿರುವಿದ್ದು ಹೆಚ್ಚಾಗಿತ್ತು. ಒಂದು ಚೂರು ಹಿಂದಕ್ಕೆ ತಂದಳು. ಮತ್ತೆ ನೀರೆರಚಿದಳು. ವೈಪರ್ ಏರಿತು, ಇಳಿಯಿತು, ಚಕಾರವೆತ್ತಲಿಲ್ಲ.

ಯಜಮಾನರು ನೆಲಕ್ಕೆ ಬಿದ್ದ ಮ್ಯಾಟುಗಳನ್ನು ಎತ್ತಿಕೊಂಡರು. ಆಮೇಲೆ ನಕ್ಕರು. "ಆಯ್ತಲ್ಲ ಬಿಡು, ಸಣ್ಣ ವಿಷಯ. ಕೀ ಇನ್ನು ನೀನೇ ಇಟ್ಕೋ."

ನರ್ಸಮ್ಮನ ಮೈಯೆಲ್ಲ ಉರಿದುಹೋಯಿತು. ತಪ್ಪು ಅವಳದು ಎಂದುಕೊಂಡಾಗ ಎರಡು ರಸ್ತೆ ದಾಟಿ ಅಕ್ಕನ ಮನೆಗೆ ಹೋದ ವಿಷಯ, ತಪ್ಪು ಅವರದಾದ ಕೂಡಲೇ ಅಂಗಳದಲ್ಲೇ ಸಣ್ಣದಾಗಿಬಿಟ್ಟಿತ್ತು.

"ಕಾರು ಹತ್ತಿ," ಎಂದಳು.

"ಎಲ್ಲಿಗೆ?"

"ಹತ್ತೀ ಅಂದೆ."

ಅಷ್ಟರಲ್ಲಿ ಮೋಡ ಕವಿದು, ಮೊದಲ ತಿರುವಿನಲ್ಲೇ ಮಳೆ ಧೋ ಎಂದು ಸುರಿಯಿತು. ಗಾಜು ತಿಳಿಯಾಗಿತ್ತು. "ಒಳ್ಳೇ ಕೆಲಸ ಮಾಡಿದೀಯ ಕಣೇ," ಎಂದು ಯಜಮಾನರು ಹೊಗಳಿದರು. ಅವಳು ಅತ್ತಿಗೆಯ ಮನೆ ಎದುರು ಕಾರು ನಿಲ್ಲಿಸಿದಳು.

"ಇಳೀರಿ. ಅತ್ತಿಗೆಗೆ ಹೇಳಿ ಬನ್ನಿ."

"ಮಳೆ ಬರ್ತಿದೆ. ಫೋನಲ್ಲಿ ಹೇಳಿದ್ರಾಯ್ತು."

"ಆವತ್ತು ಫೋನಲ್ಲಿ ಹೇಳಿದ್ರಾ? ನಡ್ಕೊಂಡು ಹೋಗಿ ಹೇಳಿ ಬಂದ್ರಿ."

"ಅಲ್ವೇ, ಕೀ ಕೊಟ್ಟೆನಲ್ಲ?"

"ಹೇಳದೇ ಕೊಟ್ಟ ಕೀ ನಾಳೆ ಮತ್ತೆ ನಿಮ್ಮ ಜೇಬಿಗೇ ಹೋಗುತ್ತೆ. ನನ್ನ ಕೆಲಸ ಹೋಗ್ತಿತ್ತು ರೀ! ಇಳೀರಿ."

ಅವರು ಇಳಿದರು. ನರ್ಸಮ್ಮ ವೈಪರನ್ನು ನಿಲ್ಲಿಸಲಿಲ್ಲ. ಮಾತು ಕೇಳಿಸಲೆಂದು ತನ್ನ ಪಕ್ಕದ ಕಿಟಕಿಯ ಗಾಜನ್ನೂ ಇಳಿಸಿದಳು. ಮಳೆ ಮಡಿಲಿಗೆ ಬಿದ್ದರೂ ಕದಲಲಿಲ್ಲ.

ಬಾಗಿಲು ತೆರೆಯಿತು. "ಏನಾಯ್ತೋ? ಮತ್ತೇನು ಕೆಡಿಸಿದಳು?" ಎಂದರು ಅತ್ತಿಗೆ.

ಯಜಮಾನರು ಒಮ್ಮೆ ಕಾರಿನ ಕಡೆ ತಿರುಗಿ ನೋಡಿದರು. ಅವರ ತುಟಿ ಅಲುಗಾಡಿತು.

"ಏನೋ ಅದು? ಮಳೆ ಸದ್ದಲ್ಲಿ ಏನೂ ಕೇಳ್ತಿಲ್ಲ. ಜೋರಾಗಿ ಹೇಳೋ!"

"ಕೆಡಿಸಿದ್ದು ನಾನು ಅಕ್ಕಾ!" ಎಂದು ಯಜಮಾನರು ಕೂಗಿದರು. ಎದುರು ಮನೆಯವರು ಕಿಟಕಿಗೆ ಬಂದರು. "ಸರಿ ಮಾಡಿದ್ದು ಅವಳು!"